‘ನಿನಗ್ಯಾಕೋ ಅಷ್ಟು ಲೆಕ್ಕ?’

(ದಾವಣಗೆರೆಯ ಒಂದು ವಿದ್ಯಾರ್ಥಿನಿಲಯದಲ್ಲಿ ಜೂನ್ 16ರ ಸಂಜೆ ಆಡಿದ ಮಾತುಗಳ ಬರಹ ರೂಪ. ನನ್ನ ಟಿಪ್ಪಣಿ ಮತ್ತು ಹುಡುಗರು ಮೊಬೈಲಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಎರಡನ್ನೂ ಇಟ್ಟುಕೊಂಡು ಬರೆದದ್ದು.)

ಮೊದಲು ಒಂದು ಹೆಸರಿನ ವಿಷಯ ಹೇಳಿಬಿಡುತ್ತೇನೆ. ಸೊವೆಟೊ. ಕೇಳಿದರೆ ಯಾವುದೋ ಹಳೇ ಊರಿನ ಹೆಸರು ಅನ್ನಿಸುತ್ತದೆ, ಅಲ್ವಾ? ಅಲ್ಲ. ಸೌತ್ ವೆಸ್ಟರ್ನ್ ಟೌನ್‌ಶಿಪ್ಸ್ ಅನ್ನೋ ಮೂರು ಪದಗಳ ತುದಿ ಕತ್ತರಿಸಿ ಅಂಟಿಸಿದ ಹೆಸರು. ನಾವು ಪಿ.ಜೆ. ಬಡಾವಣೆ, ಕೆ.ಟಿ.ಜೆ. ನಗರ ಅಂತೀವಲ್ಲ, ಹಾಗೆ. ಆದರೆ ಕೆ.ಟಿ.ಜೆ. ಒಳಗೆ ಒಬ್ಬ ಮನುಷ್ಯನ ಹೆಸರಿದೆ. ಸೊವೆಟೊ ಒಳಗೆ ಇರುವುದು ಬರೀ ದಿಕ್ಕು. ಜೋಹಾನ್ಸ್‌ಬರ್ಗ್ ಊರಿನ ನೈರುತ್ಯ ದಿಕ್ಕು. ಚಿನ್ನದ ಗಣಿಗೆ, ಬಿಳಿಯರ ಮನೆಗೆ, ಕಾರ್ಖಾನೆಗೆ ಕಪ್ಪು ಜನ ಬೆಳಿಗ್ಗೆ ಬರಬೇಕು, ಸಂಜೆ ಹೋಗಬೇಕು, ಆದರೆ ಊರೊಳಗೆ ಇರಬಾರದು. ಅದಕ್ಕೆ ಊರಾಚೆ ಸಾಲು ಸಾಲು ಒಂದೇ ಥರದ ಮನೆ ಕಟ್ಟಿಸಿದರು. ಹೆಸರು ಅಂತ ಇಟ್ಟದ್ದೂ ಆ ದಿಕ್ಕನ್ನೇ. ಊರಾಚೆ ಕೇರಿ ಅಂದರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇವತ್ತು ಜೂನ್ 16. 1976ರ ಜೂನ್ 16, ಬುಧವಾರ, ಆ ಸೊವೆಟೊದ ಸ್ಕೂಲ್ ಮಕ್ಕಳು ಯೂನಿಫಾರ್ಮ್ ಹಾಕಿಕೊಂಡು ರಸ್ತೆಗೆ ಬಂದರು. ಅವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದರ ನೆನಪಿಗೆ ದಕ್ಷಿಣ ಆಫ್ರಿಕಾದಲ್ಲಿ ಇವತ್ತು ಸರ್ಕಾರಿ ರಜೆ, ಯುವ ದಿನ ಅಂತ. 1991ರಿಂದ ಇಡೀ ಆಫ್ರಿಕಾ ಖಂಡಕ್ಕೇ ಇದು ಆಫ್ರಿಕಾದ ಮಗುವಿನ ದಿನ. ದಾವಣಗೆರೆಗೂ ಇದಕ್ಕೂ ಏನು ಸಂಬಂಧ ಅಂತ ವಾರ್ಡನ್ ಸಾಹೇಬರು ನನ್ನನ್ನು ಫೋನಿನಲ್ಲೇ ಕೇಳಿದರು. ಹೇಳುತ್ತೇನೆ. ಸ್ವಲ್ಪ ಸುತ್ತಿ ಬರಬೇಕು.

ಆ ಮಕ್ಕಳು ಬೀದಿಗೆ ಬಂದದ್ದು ಸ್ಕೂಲ್ ಬೇಕು ಅಂತ ಅಲ್ಲ. ಸ್ಕೂಲ್ ಇತ್ತು. ಜಗಳ ಬಂದದ್ದು ಲೆಕ್ಕದ ಪಾಠದ ಮೇಲೆ. ನಾನು 33 ವರ್ಷ ಗಣಿತದ ಮೇಷ್ಟ್ರಾಗಿದ್ದವನು, ಅದಕ್ಕೇ ಈ ಕಥೆ ನನ್ನನ್ನು ಬಿಡುವುದಿಲ್ಲ. 1974ರಲ್ಲಿ ಅಲ್ಲಿನ ಸರ್ಕಾರ ಒಂದು ಆದೇಶ ತಂದಿತು. ಕಪ್ಪು ಮಕ್ಕಳ ಶಾಲೆಯಲ್ಲಿ ಗಣಿತ ಮತ್ತು ಸಮಾಜ ವಿಜ್ಞಾನವನ್ನು ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕು, ವಿಜ್ಞಾನ ಇಂಗ್ಲಿಷಿನಲ್ಲಿ. ಆಫ್ರಿಕಾನ್ಸ್ ಅಂದರೆ ಡಚ್ಚರ ಭಾಷೆಯಿಂದ ಅಲ್ಲೇ ಬೆಳೆದ ಭಾಷೆ. ಆಳುವ ಬಿಳಿಯರದು, ಪೊಲೀಸರದು, ಪಾಸ್‌ಬುಕ್ ಕೇಳುವ ಅಧಿಕಾರಿಯದು. ನಮ್ಮ ಬ್ಯಾಂಕ್ ಪಾಸ್‌ಬುಕ್ ಅಲ್ಲ ಮತ್ತೆ. ಕಪ್ಪು ಮನುಷ್ಯ ಬಿಳಿಯರ ಊರಲ್ಲಿ ಕಾಲಿಡೋಕೆ ಜೇಬಲ್ಲಿ ಇಟ್ಟುಕೊಂಡಿರಲೇಬೇಕಾದ ಪುಸ್ತಕ. ಅದಿಲ್ಲದೆ ಸಿಕ್ಕಿಬಿದ್ದರೆ ಜೈಲು.

ಈಗ ಒಂದು ಕ್ಲಾಸ್ ರೂಮ್ ಊಹಿಸಿಕೊಳ್ಳಿ. ಮಕ್ಕಳಿಗೆ ಆ ಭಾಷೆ ಸರಿಯಾಗಿ ಬರುವುದಿಲ್ಲ. ಅದಿರಲಿ, ಎಷ್ಟೋ ಕಡೆ ಮೇಷ್ಟ್ರಿಗೇ ಬರುವುದಿಲ್ಲ. ಅವರೂ ಅದೇ ಕೇರಿಯಿಂದ ಬಂದವರು ತಾನೆ. ಮೇಷ್ಟ್ರು ತಡವರಿಸುತ್ತಾ ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ಅದನ್ನು ಚಿತ್ರ ಬಿಡಿಸಿದ ಹಾಗೆ ನೋಡಿಕೊಂಡು ಬರೆಯುತ್ತಾರೆ. ಪರೀಕ್ಷೆಯಲ್ಲಿ ಫೇಲ್. ಆಮೇಲೆ ‘ಇವರ ತಲೆಗೆ ಗಣಿತ ಹತ್ತಲ್ಲ’ ಅಂತ ಒಂದು ವರದಿ.

ಇದು ಸುಮ್ನೆ ಆದ ಎಡವಟ್ಟಲ್ಲ. ಹಿಂದೆ 1953ರಲ್ಲಿ ಬಾಂಟು ಶಿಕ್ಷಣ ಕಾಯ್ದೆ ಅಂತ ಬಂದಿತ್ತು. ಬಾಂಟು ಅಂದರೆ ಆ ಸರ್ಕಾರ ಕಪ್ಪು ಜನರನ್ನು ಕರೆಯುತ್ತಿದ್ದ ಹೆಸರು. ಅದನ್ನು ತಂದ ಮಂತ್ರಿ ಹೆಂಡ್ರಿಕ್ ವರ್ವೂರ್ಡ್. ಆಮೇಲೆ ಪ್ರಧಾನಿಯೂ ಆದ. ಅವನು ಮುಚ್ಚುಮರೆ ಇಲ್ಲದೆ ಹೇಳಿದ್ದ: ಕಪ್ಪು ಮಗುವಿಗೆ ಗಣಿತ ಕಲಿಸಿ ಏನು ಪ್ರಯೋಜನ, ಅದನ್ನು ಬಳಸುವ ಕೆಲಸವೇ ಅವನಿಗೆ ಸಿಗುವುದಿಲ್ಲವಲ್ಲ ಅಂತ. ಮೊದಲು ಕೆಲಸ ಕೊಡುವುದಿಲ್ಲ ಅಂತ ತೀರ್ಮಾನ. ಆ ತೀರ್ಮಾನವೇ ಪಾಠ ಕೊಡದೆ ಇರೋದಕ್ಕೆ ಕಾರಣ. ಖರ್ಚಿನ ಲೆಕ್ಕ ನೋಡಿದರೂ ಹಾಗೇ ಇದೆ. 1975–76ರ ಸುಮಾರಿಗೆ ಒಂದು ಬಿಳಿಯ ಮಗುವಿನ ಓದಿಗೆ ಸರ್ಕಾರ ವರ್ಷಕ್ಕೆ 644 ರ್‍ಯಾಂಡ್ ಖರ್ಚು ಮಾಡುತ್ತಿತ್ತು, ಒಂದು ಕಪ್ಪು ಮಗುವಿಗೆ 42. ಭಾಗಿಸಿ ನೋಡಿ. ಹದಿನೈದು ಪಟ್ಟಿಗಿಂತ ಜಾಸ್ತಿ.

1976ರ ಏಪ್ರಿಲ್ ಕೊನೆಗೆ ಆರ್ಲಾಂಡೊ ವೆಸ್ಟ್ ಅನ್ನೋ ಕಡೆಯ ಒಂದು ಶಾಲೆಯ ಮಕ್ಕಳು ಕ್ಲಾಸಿಗೆ ಹೋಗುವುದಿಲ್ಲ ಅಂದರು. ಅಲ್ಲಿಂದ ಒಂದೊಂದೇ ಶಾಲೆಗೆ ಹಬ್ಬಿತು. ಜೂನ್ 13ಕ್ಕೆ ಮಕ್ಕಳೇ ಸಭೆ ಸೇರಿ, ಬುಧವಾರ ಮೆರವಣಿಗೆ ಅಂತ ನಿಶ್ಚಯ ಮಾಡಿದರು. ಮುಂದೆ ನಿಂತ ಹುಡುಗ ಟ್ಸಿಯೆಟ್ಸಿ ಮಶಿನಿನಿ, 19 ವರ್ಷ. ಬಹುಪಾಲು ಮನೆಯವರಿಗೆ ಇದರ ಸುಳಿವೇ ಇರಲಿಲ್ಲ. ಅಪ್ಪ ಅಮ್ಮ ಎಂದಿನ ಹಾಗೆ ಕತ್ತಲಲ್ಲೇ ಎದ್ದು ರೈಲು ಹತ್ತಿ ಕೆಲಸಕ್ಕೆ ಹೋದರು, ಮಕ್ಕಳು ಬ್ಯಾಗು ಹಾಕಿಕೊಂಡು ಹೊರಟರು. ಅಲ್ಲಿ ಜೂನ್ ಅಂದರೆ ಚಳಿಗಾಲ. ಸಾವಿರಾರು ಮಕ್ಕಳು, ಹತ್ತು ಸಾವಿರ ಅಂತಾರೆ, ಇಪ್ಪತ್ತು ಅಂತಲೂ ಅಂತಾರೆ. ರಟ್ಟಿನ ಮೇಲೆ ಕೈಯಲ್ಲೇ ಬರೆದ ಫಲಕ, ಆಫ್ರಿಕಾನ್ಸ್ ಹಾಳಾಗಿ ಹೋಗಲಿ ಅಂತ. ಆರ್ಲಾಂಡೊ ಸ್ಟೇಡಿಯಂಗೆ ಹೋಗಿ ಸಭೆ ಮಾಡಬೇಕು, ವಾಪಸ್ ಬರಬೇಕು, ಅಷ್ಟೇ ಇದ್ದದ್ದು ಪ್ಲಾನು.

ಸ್ಟೇಡಿಯಂವರೆಗೆ ಹೋಗಲಿಲ್ಲ.

ನೀವು ಫೋನ್ ತೆಗೆದು ಹುಡುಕಿದರೆ ಒಂದು ಫೋಟೋ ಸಿಗುತ್ತದೆ. ಈಗ ಬೇಡ, ರೂಮಿಗೆ ಹೋದ ಮೇಲೆ ನೋಡಿ. ಡಂಗ್ರಿ ಹಾಕಿದ ಒಬ್ಬ ಹುಡುಗ ತನಗಿಂತ ಚಿಕ್ಕ ಹುಡುಗನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಓಡುತ್ತಿದ್ದಾನೆ. ಪಕ್ಕದಲ್ಲಿ ಯೂನಿಫಾರ್ಮಿನ ಹುಡುಗಿ, ಕೈ ಮೇಲೆತ್ತಿ, ಬಾಯಿ ತೆರೆದು ಅಳುತ್ತಾ ಓಡುತ್ತಿದ್ದಾಳೆ. ಎತ್ತಿಕೊಂಡವನ ಕೈಮೇಲೆ ಇರುವವನು ಹೆಕ್ಟರ್ ಪೀಟರ್ಸನ್, ವಯಸ್ಸು 12. ಓಡುತ್ತಿರುವ ಹುಡುಗಿ ಅವನ ಅಕ್ಕ ಆಂಟೊನೆಟ್. ಎತ್ತಿಕೊಂಡವನು ಎಂಬುಯಿಸಾ ಮಖುಬೊ. ತೆಗೆದವರು ಸ್ಯಾಮ್ ನ್ಜಿಮಾ, ದಿ ವರ್ಲ್ಡ್ ಅನ್ನೋ ಪತ್ರಿಕೆಯ ಫೋಟೋಗ್ರಾಫರ್. ಪೊಲೀಸರು ಫಿಲ್ಮ್ ಕಿತ್ತುಕೊಳ್ಳುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಆ ರೋಲನ್ನು ಕ್ಯಾಮೆರಾದಿಂದ ಬಿಚ್ಚಿ ಕಾಲುಚೀಲದೊಳಗೆ ಇಳಿಸಿಕೊಂಡರು. ಮರುದಿನ ಆ ಫೋಟೋ ಪ್ರಪಂಚದ ಪತ್ರಿಕೆಗಳಲ್ಲೆಲ್ಲಾ ಬಂತು. ಮುಂದಿನ ವರ್ಷ ಆ ಪತ್ರಿಕೆಯನ್ನೇ ಸರ್ಕಾರ ಮುಚ್ಚಿಸಿತು.

ಹೆಕ್ಟರ್‌ನನ್ನು ಪತ್ರಕರ್ತೆಯೊಬ್ಬರ ಕಾರಿನಲ್ಲಿ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಉಳಿಯಲಿಲ್ಲ. ಅವನಿಗಿಂತ ಮುಂಚೆ ಹೇಸ್ಟಿಂಗ್ಸ್ ಎಂಡ್ಲೋವು ಅನ್ನೋ 15 ವರ್ಷದ ಹುಡುಗನಿಗೆ ಗುಂಡು ಬಿದ್ದಿತ್ತು, ಫೋಟೋ ಇಲ್ಲದ್ದರಿಂದ ಅವನ ಹೆಸರು ಹೆಚ್ಚು ಜನಕ್ಕೆ ಗೊತ್ತಿಲ್ಲ. ಗಲಾಟೆ ಬೇರೆ ಊರುಗಳಿಗೂ ಹಬ್ಬಿತು. ಸತ್ತವರು 176 ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. ಅದಕ್ಕಿಂತ ಎಷ್ಟೋ ಜಾಸ್ತಿ, 700ರವರೆಗೂ ಅಂತ ಹೇಳುವವರಿದ್ದಾರೆ. ಜುಲೈ ತಿಂಗಳಲ್ಲಿ ಸರ್ಕಾರ ಆ ಭಾಷೆಯ ಆದೇಶವನ್ನು ವಾಪಸ್ ತಗೊಂಡಿತು. ಇಷ್ಟು ಬೇಗ ವಾಪಸ್ ತಗೊಳ್ಳೋಕೆ ಆಗುತ್ತಿತ್ತು ಅಂದರೆ ಜೂನ್ 15ಕ್ಕೇ ತಗೊಳ್ಳಬಹುದಿತ್ತಲ್ಲ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಎಂಬುಯಿಸಾ ದೇಶ ಬಿಟ್ಟು ಓಡಿಹೋದ. 1978ರಲ್ಲಿ ನೈಜೀರಿಯಾದಿಂದ ಅಮ್ಮನಿಗೆ ಕಾಗದ ಬಂತು. ಆಮೇಲೆ ಅಮ್ಮನಿಗೆ ಮಗನ ಸುದ್ದಿ ಬರಲೇ ಇಲ್ಲ. ಮಶಿನಿನಿಯೂ ತಪ್ಪಿಸಿಕೊಂಡು ಹೋದ, 1990ರಲ್ಲಿ ಗಿನಿ ದೇಶದಲ್ಲಿ ಸತ್ತ. ಮಂಡೇಲಾ ಜೈಲಿನಿಂದ ಬಿಡುಗಡೆ ಆದ ವರ್ಷ ಅದು.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಭಾಷೆ ಅಂದ ಕೂಡಲೇ ಇಲ್ಲಿ ಕೂತಿರುವ ಕನ್ನಡ ಮೇಷ್ಟ್ರುಗಳ ಕಿವಿ ನೆಟ್ಟಗಾದದ್ದು ನೋಡಿದೆ. ಆ ಮಕ್ಕಳು ತಮ್ಮ ತಾಯಿನುಡಿ ಬೇಕು ಅಂತ ಕೇಳಿದರು ಅಂತ ನಾವು ಹೇಳಿಕೊಂಡರೆ ನಮಗೆ ಚೆನ್ನಾಗಿರುತ್ತದೆ. ಆದರೆ ಹಾಗೆ ಆಗಲಿಲ್ಲ. ಜುಲು, ಸೋಥೊ ಥರದ ಭಾಷೆಗಳಲ್ಲೇ ಎಂಟು ವರ್ಷ ಕಲಿಸಬೇಕು ಅಂತ ಅದೇ ಬಾಂಟು ಶಿಕ್ಷಣ ಹೇಳುತ್ತಿತ್ತು! ಜನಕ್ಕೆ ಅದರ ಮೇಲೆ ನಂಬಿಕೆ ಇರಲಿಲ್ಲ, ಇದು ನಮ್ಮನ್ನು ಬುಡಕಟ್ಟು ಬುಡಕಟ್ಟಾಗಿ ಒಡೆದು ಕೂಡಿಹಾಕೋ ಉಪಾಯ ಅಂತ ಅವರಿಗೆ ಗೊತ್ತಿತ್ತು. ನಾನು ಕನ್ನಡ ಮಾಧ್ಯಮದಲ್ಲೇ ಓದಿ, ಕನ್ನಡ ಮಾಧ್ಯಮದಲ್ಲೇ ಪಾಠ ಮಾಡಿದವನು. ಮಗುವಿಗೆ ಭಿನ್ನರಾಶಿ ಅರ್ಥ ಆಗೋದು ಅದರ ಮನೆಮಾತಿನಲ್ಲೇ ಅಂತ ಇವತ್ತೂ ನಂಬುತ್ತೇನೆ. ಆದರೆ ‘ನಿಮಗೆ ಇಷ್ಟು ಸಾಕು’ ಅನ್ನುವವನು ಕನ್ನಡವನ್ನೂ ಬೇಲಿ ಮಾಡಿಕೊಳ್ಳಬಲ್ಲ. ತನ್ನ ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿ, ವೇದಿಕೆ ಹತ್ತಿ ನಮ್ಮ ಮಕ್ಕಳಿಗೆ ಕನ್ನಡ ಸಾಕು ಅನ್ನುವವರು ನಮ್ಮ ಊರಲ್ಲೂ ಇದ್ದಾರೆ. ಇದು ಇಲ್ಲಿಗೆ ಸಾಕು, ಮುಂದುವರಿಸಿದರೆ ಊಟ ತಣ್ಣಗಾಗುತ್ತದೆ.

ಇನ್ನೊಂದು ಹತ್ತಿರದ ಸಂಗತಿ. ಸೊವೆಟೊದಲ್ಲಿ ಇದೆಲ್ಲಾ ಆಗುತ್ತಿದ್ದ ಹೊತ್ತಿನಲ್ಲೇ, 70ರ ದಶಕದಲ್ಲಿ, ಇಲ್ಲಿ ದಲಿತ ಸಂಘರ್ಷ ಸಮಿತಿ ಕಣ್ಣು ಬಿಡುತ್ತಿತ್ತು. ಅದನ್ನು ಕಟ್ಟಿದ ಪ್ರೊಫೆಸರ್ ಬಿ. ಕೃಷ್ಣಪ್ಪನವರು ನಮ್ಮ ಪಕ್ಕದ ಹರಿಹರದವರು, 1938ರಲ್ಲಿ ಹುಟ್ಟಿದವರು, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರು. ಆ ಚಳವಳಿಯ ಒಂದು ಕೂಗು ನಿಮ್ಮ ಅಜ್ಜಂದಿರಿಗೆ ನೆನಪಿರಬಹುದು: ‘ಹೆಂಡ ಬೇಡ, ವಸತಿ ಶಾಲೆ ಬೇಕು.’ ಐದೇ ಪದ. ಸೊವೆಟೊದಲ್ಲೂ ಆ ಜೂನ್‌ನಲ್ಲಿ ಮಕ್ಕಳು ಸರ್ಕಾರಿ ಬಿಯರ್ ಅಂಗಡಿಗಳಿಗೆ ಬೆಂಕಿ ಇಟ್ಟರು. ಅಪ್ಪಂದಿರ ಸಂಬಳ ಅಲ್ಲೇ ಮುಗಿಯುತ್ತಿತ್ತು. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಎರಡು ಕಡೆಯ ಜನ ಒಂದೇ ಜಾಗಕ್ಕೆ ಬೆರಳಿಟ್ಟರು ನೋಡಿ. ನೀವು ಇವತ್ತು ಮಲಗುವ ಈ ಹಾಸ್ಟೆಲಿನ ಮಂಚ ಯಾರೋ ದಾನವಾಗಿ ಕೊಟ್ಟದ್ದು ಅಂದುಕೊಳ್ಳಬೇಡಿ. ಅನ್ನದಲ್ಲಿ ಹುಳ ಸಿಕ್ಕರೆ ಗಟ್ಟಿಯಾಗಿ ಕೇಳಿ.

ಈಗ ದಾವಣಗೆರೆ. ಅಂದರೆ ಮಂಡಕ್ಕಿ. ಹೊರಗಿನವರು ಬೆಣ್ಣೆದೋಸೆ ಅಂತಾರೆ, ಆದರೆ ಸಂಜೆ ನಾಲ್ಕಕ್ಕೆ ನಮಗೆ ಬೇಕಾಗುವುದು ಮಂಡಕ್ಕಿ ಮಿರ್ಚಿ. ಅದು ಎಲ್ಲಿಂದ ಬರುತ್ತದೆ? ಭಟ್ಟಿಯಿಂದ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಲ್ಲಿ ಹಾಕಿದರೆ ಚಟಪಟ ಅಂತ ಅರಳುತ್ತದೆ. ಜಾಲರಿಯಲ್ಲಿ ಜಾಲಿಸಿ ಮರಳನ್ನು ವಾಪಸ್ ಬಾಣಲೆಗೆ, ಮಂಡಕ್ಕಿಯನ್ನು ರಾಶಿಗೆ. ಕೈ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಸೀಯುತ್ತದೆ. ಒಲೆಗೆ ಹೊಟ್ಟು ಹಾಕುತ್ತಿದ್ದರು, ಹಳೇ ಟೈರನ್ನೂ ಹಾಕುತ್ತಿದ್ದರು. ಆ ಹೊಗೆ ಮೂಗಿಗೆ ಬಡಿದವರಿಗೆ ಗೊತ್ತು.

ಸುಮಾರು ಹತ್ತು ವರ್ಷದ ಹಿಂದೆ ನನ್ನ ಹತ್ತನೇ ಕ್ಲಾಸಿನಲ್ಲಿ ಅಂಥ ಭಟ್ಟಿಯಿಂದ ಬರುವ ಒಬ್ಬ ಹುಡುಗ ಇದ್ದ. ಹೆಸರು ಹೇಳುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಅಪ್ಪನ ಜೊತೆ ಭಟ್ಟಿಗೆ ಹೋಗಿ, ಎಂಟೂವರೆವರೆಗೆ ಮಾಡಿ, ಮೈ ತೊಳೆದುಕೊಂಡು ಸ್ಕೂಲಿಗೆ ಬರುತ್ತಿದ್ದ. ಮೊಣಕೈ ಒಳಭಾಗದಲ್ಲಿ ಸಾಸಿವೆ ಸಿಡಿದಂಥ ಸಣ್ಣ ಸಣ್ಣ ಸುಟ್ಟ ಕಲೆ. ನೋಟ್ಸ್ ತಿದ್ದೋಕೆ ಅಂತ ಅವನ ಪುಸ್ತಕ ತೆಗೆದರೆ ಹಾಳೆ ನಡುವಿನ ಹೊಲಿಗೆಯಿಂದ ಮರಳು ಉದುರುತ್ತಿತ್ತು. ನನ್ನ ಟೇಬಲ್ ಮೇಲೆ, ಕಪ್ಪು ಮರಳು, ನಾಲ್ಕೈದು ಹರಳು. ಬೈದು ಊದಿ ಬಿಡುತ್ತಿದ್ದೆ.

ಎರಡನೇ ಪೀರಿಯಡ್‌ಗೆ ಅವನಿಗೆ ತೂಕಡಿಕೆ. ಹಾಗಾಗಿ ಅರ್ಧ ವಾರ್ಷಿಕದಲ್ಲಿ ಗಣಿತ ಹೋಯಿತು. ಆದರೆ ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರು ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಚೀಲಕ್ಕೆ ಇಷ್ಟು ಕೂಲಿ, ಇಷ್ಟು ಚೀಲ, ಅದರಲ್ಲಿ ಅಪ್ಪ ಮುಂಗಡ ತಗೊಂಡದ್ದು ಇಷ್ಟು, ಉಳಿದದ್ದೆಷ್ಟು ಅಂತ ದಿನಾ ಮಾಡುವ ಹುಡುಗನಿಗೆ ಬಾಯಿಲೆಕ್ಕ ಬರದೆ ಇನ್ನೇನು.

ನವೆಂಬರ್‌ನಲ್ಲಿ ನಾವು ಮೇಷ್ಟ್ರುಗಳು ಒಂದು ಕೆಲಸ ಮಾಡುತ್ತೇವೆ. ಪಾಸಿಂಗ್ ಪ್ಯಾಕೇಜ್. ನಗಬೇಡಿ, ನಿಮ್ಮಲ್ಲೂ ಅರ್ಧ ಜನ ಅದರಲ್ಲೇ ಬಂದಿರುತ್ತೀರಿ. ಮಕ್ಕಳನ್ನು ಮೂರು ಗುಂಪು ಮಾಡುವುದು, ಕೊನೆ ಗುಂಪಿಗೆ ಪೂರ್ತಿ ಪುಸ್ತಕ ಬೇಡ ಅಂತ ಬಿಟ್ಟು, ಖಚಿತವಾಗಿ ಬರುವ ನಾಲ್ಕೈದು ಪ್ರಶ್ನೆ ಮಾತ್ರ ಉರು ಹೊಡೆಸುವುದು. ಪೈಥಾಗೊರಸ್ ಪ್ರಮೇಯ, ಸ್ಪರ್ಶಕದ ರಚನೆ, ಒಂದು ಗ್ರಾಫ್, ಹೀಗೆ. ಆಗ ಮೂವತ್ತೈದು ಬಂದರೆ ಸಾಕಿತ್ತು. ಇದರಲ್ಲಿ ಕೆಟ್ಟ ಉದ್ದೇಶ ಇಲ್ಲ, ಎಷ್ಟೋ ಮಕ್ಕಳು ಇದರಿಂದಲೇ ಎಸ್ಸೆಸ್ಸೆಲ್ಸಿ ದಾಟಿದ್ದಾರೆ. ಶಾಲೆಯ ರಿಸಲ್ಟಿನ ಒತ್ತಡವೂ ಇರುತ್ತದೆ, ಸುಳ್ಳು ಯಾಕೆ ಹೇಳಲಿ.

ಆ ಹುಡುಗನನ್ನು ಕೊನೆ ಗುಂಪಿಗೆ ಹಾಕಿದೆ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ. ‘ಸರ್, ನಮಗೆ ತ್ರಿಕೋನಮಿತಿ ಇಲ್ವಾ?’ ಇಲ್ಲ ಕಣೋ, ನಿಮ್ಮ ಗ್ರೂಪಿಗೆ ಬೇಡ ಅಂದೆ. ‘ಅಲ್ಲ ಸರ್, ಮರ ಹತ್ತದೇ ಅದರ ಎತ್ತರ ಹೇಳಬಹುದು ಅಂತ ಬುಕ್ಕಲ್ಲಿದೆ. ಹಂಗಾದ್ರೆ ನಮ್ ಭಟ್ಟಿ ಚಿಮಣಿದೂ ಹೇಳಬಹುದಲ್ವಾ ಸರ್?’ ನನ್ನ ಕೈಯಲ್ಲಿ ತಿದ್ದಬೇಕಾದ ಪೇಪರ್ ಕಟ್ಟು ಇತ್ತು. ‘ನಿನಗ್ಯಾಕೋ ಅಷ್ಟು ಲೆಕ್ಕ? ಪಾಸಾಗೋದು ನೋಡು ಮೊದಲು’ ಅಂದೆ. ಸರಿ ಸರ್ ಅಂತ ಹೋದ.

ಅವನು ಪಾಸಾದ. ಗಣಿತದಲ್ಲಿ ಮೂವತ್ತೆಂಟು. ನಾನು ಸಂತೋಷಪಟ್ಟೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡೆ. ಅವನು ಭಟ್ಟಿಯಲ್ಲೇ ಉಳಿದ.

ವರ್ವೂರ್ಡ್ ಹೇಳಿದ ಮಾತನ್ನು ನಾನು ಮೊದಲ ಸಲ ಓದಿದ್ದು ನಿವೃತ್ತಿ ಆದ ಮೇಲೆ. ಓದಿದ ತಕ್ಷಣ ನೆನಪಾದದ್ದು ಜೋಹಾನ್ಸ್‌ಬರ್ಗ್ ಅಲ್ಲ, ನಮ್ಮ ಸ್ಟಾಫ್ ರೂಮಿನ ಬಾಗಿಲು. ಅವನು ದ್ವೇಷದಿಂದ ಹೇಳಿದ, ನಾನು ಅವಸರದಲ್ಲಿ ಹೇಳಿದೆ, ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಆದರೆ ಕೇಳಿಸಿಕೊಂಡ ಹುಡುಗನ ಕಿವಿಗೆ ಎಷ್ಟು ವ್ಯತ್ಯಾಸ ಆಗಿರಬಹುದು, ಅದು ನನಗೆ ಇನ್ನೂ ಬಗೆಹರಿದಿಲ್ಲ.

ಕಾನೂನು ಏನೂ ಇಲ್ಲ ಅಂತ ಅಲ್ಲ. 2002ರಲ್ಲಿ ಸಂವಿಧಾನಕ್ಕೆ 21ಎ ಸೇರಿತು, ಶಿಕ್ಷಣ ಮೂಲಭೂತ ಹಕ್ಕಾಯಿತು. 2010ರ ಏಪ್ರಿಲ್ 1ರಿಂದ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಜಾರಿ. ಆದರೆ ಅದು 6ರಿಂದ 14 ವರ್ಷದವರೆಗೆ. ಹತ್ತನೇ ಕ್ಲಾಸಿನ ಹುಡುಗನಿಗೆ ಎಷ್ಟು ವಯಸ್ಸು? ಹದಿನೈದು. ಅಂದರೆ ಮುಖ್ಯ ಪರೀಕ್ಷೆಯ ಹೊತ್ತಿಗೆ ಹಕ್ಕಿನ ವಯಸ್ಸು ಮುಗಿದಿರುತ್ತದೆ! 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂದು, 14ರ ಒಳಗಿನವರನ್ನು ಯಾವ ಕೆಲಸಕ್ಕೂ ಹಚ್ಚುವ ಹಾಗಿಲ್ಲ ಅಂತಾಯಿತು, ಒಳ್ಳೆಯದು. ಆದರೆ ಅದರಲ್ಲೇ ಒಂದು ಕಿಂಡಿ ಇದೆ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಮನೆಯವರ ಕಸುಬಿನಲ್ಲಿ ಮಗು ಕೈಜೋಡಿಸಬಹುದು. ಅಪಾಯದ ಕೆಲಸ ಆಗಿರಬಾರದು, ಅಷ್ಟೇ. ಮನೆ ಕಸುಬು ಅಂದರೆ ಯಾವುದು? ಅಪ್ಪ ಮಾಡುವುದೇ ಮನೆ ಕಸುಬು ಅಂತ ಹೇಳಿಬಿಟ್ಟರೆ ಬೆಳಗಿನ ಜಾವ ಮೂರಕ್ಕೆ ಬಂದು ಯಾರು ನೋಡುತ್ತಾರೆ? ಜಗಳೂರು ಕಡೆಯ ತಾಂಡಾಗಳಿಂದ ಮಳೆ ಹೋದ ವರ್ಷ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಗಂಡ ಹೆಂಡಿರು ಹೊರಟಾಗ ಮಗುವನ್ನೂ ಕರೆದುಕೊಂಡೇ ಹೋಗುತ್ತಾರೆ, ಬಿಟ್ಟು ಹೋಗೋಕೆ ಮನೆಯಲ್ಲಿ ಯಾರಿದ್ದಾರೆ. ಆ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಗು ಇರುವುದಿಲ್ಲ. ಆ ಅಪ್ಪ ಅಮ್ಮಂದಿರನ್ನು ಬೈಯುವ ಭಾಷಣ ನಾನು ಬೇಕಾದಷ್ಟು ಕೇಳಿದ್ದೇನೆ, ನನ್ನಿಂದ ಆಗುವುದಿಲ್ಲ.

ಆ ಹುಡುಗ ಹೋದ ತಿಂಗಳು ನನ್ನ ಮನೆಗೆ ಬಂದಿದ್ದ. ಈಗ ದೊಡ್ಡವನಾಗಿದ್ದಾನೆ, ಲಗೇಜ್ ಆಟೋ ಓಡಿಸುತ್ತಾನೆ, ಮಂಡಕ್ಕಿ ಚೀಲ ಅಂಗಡಿಗಳಿಗೆ ಹಾಕುತ್ತಾನೆ. ಜೊತೆಯಲ್ಲಿ ಅಕ್ಕನ ಮಗಳು, ಈ ಸಲ ಎಂಟನೇ ಕ್ಲಾಸು. ಕುಡಿಯೋಕೆ ಏನು ಕೊಟ್ಟರೂ ಬೇಡ ಅಂದ. ಬಾಗಿಲ ಹತ್ತಿರವೇ ನಿಂತು, ‘ಸರ್, ಇವಳಿಗೆ ಲೆಕ್ಕ ಹೇಳ್ಕೊಡ್ಬೇಕು. ಪೂರ್ತಿ ಬುಕ್ಕು ಸರ್’ ಅಂದ. ಅವನ ಮುಖ ನೋಡಿದೆ. ಕೊಂಕು ಇರಲಿಲ್ಲ, ಸುಮ್ನೆ ಹೇಳಿದ್ದ.

ಮಂಗಳವಾರ, ಶುಕ್ರವಾರ ಸಂಜೆ ಬರುತ್ತಾಳೆ. ಜಾಸ್ತಿ ಮಾತಾಡುವುದಿಲ್ಲ, ಆದರೆ ಅರ್ಥ ಆಗದಿದ್ದರೆ ‘ಇನ್ನೊಂದ್ಸಲ’ ಅಂತಾಳೆ. ಮೊನ್ನೆ ಪಾಠ ಬಿಟ್ಟು ಇಬ್ಬರೂ ಹಿತ್ತಲಿಗೆ ಹೋಗಿ, ಒಂದು ಕೋಲು ನೆಟ್ಟು, ಕೋಲಿನ ನೆರಳು, ತೆಂಗಿನ ಮರದ ನೆರಳು ಎರಡನ್ನೂ ಅಳೆದೆವು. ಅದು ಎಂಟನೇ ಕ್ಲಾಸಿನ ಪಾಠ ಅಲ್ಲ, ಇರಲಿ. ನನ್ನ ಲೆಕ್ಕಕ್ಕೆ ಮರ 31 ಅಡಿ ಬಂತು, ಅವಳ ಲೆಕ್ಕಕ್ಕೆ 33. ಅಳತೆ ಪಟ್ಟಿ ನಾನು ಸರಿಯಾಗಿ ಹಿಡಿದಿರಲಿಲ್ಲ ಅಂತ ಅವಳ ವಾದ. ಯಾರದು ಸರಿ ಅಂತ ನೋಡೋಕೆ ಮರ ಹತ್ತುವವನಿಗೆ ಹೇಳಿ ಕಳಿಸಿದ್ದೇನೆ, ಇನ್ನೂ ಬಂದಿಲ್ಲ.